ನೆಲದ ಮೇಲೆ ಸೋತ ತ್ರೀ ವುಡ್

ಗಾಲ್ಫ್ ಆಟಗಾರರಿಗೆ ಹೊಂದುವ ಕ್ಲಬ್ಬು, ಅಂದರೆ ಚೆಂಡು ಹೊಡೆಯೋ ದಾಂಡು, ಆರಿಸಿಕೊಡೋ ಫಿಟ್ಟಿಂಗ್ ಬೇಯಲ್ಲಿ ಕೆಲಸ ಮಾಡುವವರಿಗೆ ಒಂದು ಸುಖವಿದೆ. ಅಲ್ಲಿನ ಕೃತಕ ಹುಲ್ಲಿನ ಮ್ಯಾಟ್ ಮೇಲೆ ಎಲ್ಲರೂ ಚೆನ್ನಾಗಿಯೇ ಹೊಡೀತಾರೆ. ಕ್ಲಬ್ಬು ಚೆಂಡಿಗಿಂತ ಎರಡಿಂಚು ಹಿಂದೆ ಬಿದ್ದರೂ ಜಾರಿಕೊಂಡು ಬಂದು ಚೆಂಡಿಗೆ ತಾಗುತ್ತೆ, ಸದ್ದು ಬರುತ್ತೆ, ಸ್ಕ್ರೀನ್ ಮೇಲೆ ಚೆಂದದ ಕಮಾನು ಮೂಡುತ್ತೆ. ಹೊಡೆದವರ ಮುಖ ಅರಳುತ್ತೆ, ಬಿಲ್ ಆಗುತ್ತೆ. ಆ ಕ್ಲಬ್ಬು ಆಮೇಲೆ ಹುಲ್ಲಿನ ಮೇಲೆ ಏನು ಮಾಡಿತು ಅನ್ನೋದು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳೋದಿಲ್ಲ.

ನನ್ನ ಕಣ್ಣಿಗೆ ಬಿತ್ತು. ಅದೂ ನಾಲ್ವರು ಮೆಂಬರುಗಳ ಎದುರಿಗೆ, ಹಿಂದೆ ಆಡಲಿದ್ದ ನಾಲ್ವರ ಗುಂಪು, ಫೋರ್‌ಬಾಲ್‌ನವರು, ಹೋಲ್ ಶುರುವಾಗೋ ಟೀ ಮೇಲೆ ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಿರುವಾಗ.

ಆ ಕ್ಲಬ್ಬು ಕೊಂಡ ಮೆಂಬರು, ನಾವು ಸರ್ ಅನ್ನೋರು, ನಿವೃತ್ತರು. ಸ್ವಿಂಗ್ ನಿಧಾನ, ಆದರೆ ನೋಡೋಕೆ ಸೊಗಸು. ಎಲ್ಲಕ್ಕಿಂತ ದೂರ ಹೊಡೆಯೋ ಕ್ಲಬ್ಬಾದ ಡ್ರೈವರ್‌ನಲ್ಲಿ ಸ್ವಿಂಗ್ ವೇಗ ಗಂಟೆಗೆ 85 ಮೈಲಿ ಆಸುಪಾಸು. ಪಾರ್ 5 ಅನ್ನೋ ಉದ್ದದ ಹೋಲ್‌ಗಳಲ್ಲಿ ಎರಡನೇ ಶಾಟ್‌ಗೆ, ನೆಲದ ಮೇಲಿಂದ ದೂರ ಹೊಡೆಯೋಕೆ, ಒಂದು ತ್ರೀ ವುಡ್ (ದಪ್ಪ ತಲೆಯ ಉದ್ದ ಕ್ಲಬ್ಬು) ಬೇಕು ಅಂತ ಬಂದಿದ್ದರು. ಬೇಯಲ್ಲಿ 15 ಡಿಗ್ರಿ ಲಾಫ್ಟ್‌ನ, ಅಂದರೆ ಮುಖ ಅಷ್ಟು ಹಿಂದಕ್ಕೆ ವಾಲಿದ, ಹೊಸ ಹೆಡ್ ಹಾಕಿ ಹೊಡೆಸಿದೆ. ಮುಖ ಎತ್ತರದ, ಚೆಂಡನ್ನು ಕಡಿಮೆ ತಿರುಗಿಸೋ ಲೋ ಸ್ಪಿನ್ ಮಾಡೆಲ್. ಅದೊಂದು ಶಾಟ್, ಈಗಲೂ ನೆನಪಿದೆ, ಮುಖದ ನಟ್ಟನಡುವೆ ಕೂತು ಹೋಯ್ತು. ನಮ್ಮ ಸಾಫ್ಟ್‌ವೇರ್ ಎಂಥದ್ದು ಅಂದರೆ ಟೋಟಲ್ ಡಿಸ್ಟೆನ್ಸ್ (ಚೆಂಡು ಉರುಳಿ ನಿಲ್ಲೋವರೆಗಿನ ದೂರ) ಪ್ರಕಾರ ಸಾಲು ಜೋಡಿಸಿ, ಎಲ್ಲಕ್ಕಿಂತ ಉದ್ದ ಹೋದ ಶಾಟ್‌ಗೆ ಹಸಿರು ಬಣ್ಣ ಬಳಿದು ರಿಪೋರ್ಟ್‌ನ ತಲೆ ಮೇಲೆ ಕೂರಿಸುತ್ತೆ. ಕೆಳಗೆ ಬಿದ್ದಿದ್ದ ಉಳಿದ ಶಾಟ್‌ಗಳ ಲಾಂಚ್, ಅಂದರೆ ಚೆಂಡು ಹೊರಡೋ ಕೋನ, ಒಂದೊಂದು ಒಂದೊಂದು ಕಡೆ. ಆ ಕಾಲಂ ನೋಡಿದೆ. ನೋಡಿಯೂ ಪ್ರಿಂಟ್ ಒತ್ತಿದೆ. ಸ್ಲಾಟ್ ಮುಗಿದಿತ್ತು, ಮುಂದಿನವರು ಗಾಜಿನಾಚೆ ನಿಂತು ಗ್ಲೌಸ್ ಹಾಕಿಕೊಳ್ಳುತ್ತಿದ್ದರು.

ಕೆಲವು ವಾರ ಬಿಟ್ಟು ಆಟ ಶುರು ಮಾಡಿಸೋ ಸ್ಟಾರ್ಟರ್ ಕಡೆಯಿಂದ ಫೋನ್ ಬಂತು. ಸರ್ ಕೋರ್ಸ್ ಮೇಲೆ ಇದ್ದಾರೆ, ನಿಮ್ಮನ್ನು ಕರೀತಿದ್ದಾರೆ, ಈಗಲೇ ಬರಬೇಕಂತೆ. ಕಾರ್ಟ್ ಹತ್ತಿಕೊಂಡು ಹೋದೆ.

ಫೇರ್‌ವೇ ನಡುವೆ, ಹುಲ್ಲು ನುಣ್ಣಗೆ ಕತ್ತರಿಸಿದ ಜಾಗದಲ್ಲಿ ಚೆಂಡು ನೆಲಕ್ಕೆ ಅಂಟಿದ ಹಾಗೆ ಕೂತಿತ್ತು. ಟೈಟ್ ಲೈ ಅನ್ನೋದು ಇದನ್ನೇ.

"ನೀವು ಕೊಟ್ಟ ಕ್ಲಬ್ಬು. ನಿಂತು ನೋಡಿ, ಆಮೇಲೆ ನೀವೇ ಹೇಳಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸರ್ ಹೊಡೆದ ಮೊದಲನೆಯದು ಟಾಪ್, ಕ್ಲಬ್ಬು ಚೆಂಡಿನ ನೆತ್ತಿಗೆ ತಾಗಿತು. ಚೆಂಡು ಹುಲ್ಲನ್ನು ಉಜ್ಜಿಕೊಂಡು ಹೋಗಿ ಎದುರಿನ ತಗ್ಗಿನಲ್ಲಿ ನಿಂತಿತು. ಇನ್ನೊಂದು ಚೆಂಡು ಹಾಕಿದರು. ಇದು ಎದ್ದಿತು, ಆದರೆ ಮೊಣಕಾಲೆತ್ತರಕ್ಕೆ. ಯಾರೂ ಮಾತಾಡಲಿಲ್ಲ. ಹಿಂದಿನ ಟೀಯಿಂದ ಒಬ್ಬರು "ಫೋರ್ ಕೂಗಲಾ ಹೇಗೆ?" ಅಂತ (ಚೆಂಡು ಬರ್ತಿದೆ ಅಂತ ಎಚ್ಚರಿಸೋ ಕೂಗು ಅದು) ತಮಾಷೆ ಮಾಡಿದ್ದು ಇಲ್ಲಿಯವರೆಗೂ ಕೇಳಿಸಿತು. ಆಗ ನಾನು ಬಾಯಿ ಮುಚ್ಚಿಕೊಂಡು ನೆಲ ನೋಡಬೇಕಿತ್ತು. ನೋಡಲಿಲ್ಲ. "ಕೊಡಿ ಸರ್, ನಾನೊಂದು ಹೊಡೀತೀನಿ," ಅಂದುಬಿಟ್ಟೆ.

ಹೊಡೆದೆ. ಚೆಂಡು ಹೋಯ್ತು, ಎತ್ತರಕ್ಕೆ, ನೇರವಾಗಿ, ಬಂಕರ್ ಅನ್ನೋ ಮರಳುಗುಂಡಿ ದಾಟಿ. ಕ್ಲಬ್ಬಿನಲ್ಲಿ ದೋಷವಿಲ್ಲ ಅಂತ ಸಾಬೀತಾಯ್ತು ಅನ್ನೋ ಧೈರ್ಯದಲ್ಲಿ ತಿರುಗಿ ನೋಡಿದರೆ ಸರ್ ಮುಖ ಇಳಿದುಹೋಗಿತ್ತು. ಜೊತೆಯವರೊಬ್ಬರು, ಇಡೀ ಕ್ಲಬ್‌ಹೌಸ್‌ನಲ್ಲಿ ನಾಲಿಗೆ ಚುರುಕಿರುವವರು, "ಹಾಗಾದ್ರೆ ಕ್ಲಬ್ ಜೊತೆ ಇವ್ರನ್ನೂ ಕೊಂಡ್ಕೋಬೇಕಿತ್ತು ಕಣಯ್ಯ," ಅಂದರು. ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು, ಅದೇ ಕಷ್ಟವಾಗಿದ್ದು.

ಅಷ್ಟರಲ್ಲಿ ಸರ್ ಬ್ಯಾಗ್ ಹೊರೋ ಕ್ಯಾಡಿ ಮಂಡಿಯೂರಿ ಕೂತಿದ್ದರು. ನಾವೆಲ್ಲ ಚೆಂಡು ಎಲ್ಲಿ ಹೋಯ್ತು ಅಂತ ನೋಡುತ್ತಿದ್ದರೆ ಅವರು ಚೆಂಡು ಇದ್ದ ಜಾಗವನ್ನು ನೋಡುತ್ತಿದ್ದರು. ಸರ್ ಹೊಡೆದ ಕಡೆ ಹುಲ್ಲು ಒರಗಿದ ಗುರುತು ಚೆಂಡಿನ ಹಿಂದಿನಿಂದಲೇ ಶುರುವಾಗಿತ್ತು. ಮಣ್ಣು ಕಿತ್ತ ಡಿವಟ್ ಇಲ್ಲ, ಬರೀ ಸವರಿದ ಗುರುತು. "ಅಣ್ಣ, ಸಾಹೇಬ್ರು ಚೆಂಡನ್ನ ಎತ್ತೋಕೆ ಹೋಗ್ತಾರೆ. ಕ್ಲಬ್ಬು ನೋಡಿದ್ರೆ ಏಳೋ ಹಂಗೆ ಕಾಣಲ್ಲ, ಅದಕ್ಕೆ ತಾವೇ ಎತ್ತಬೇಕು ಅನ್ಸುತ್ತೆ," ಅಂದರು. ಎದ್ದು ಹೋಗಿ ಆ ಚುರುಕು ನಾಲಿಗೆಯವರ ಬ್ಯಾಗಿನಿಂದ ಇನ್ನೂ ಹೆಚ್ಚು ಲಾಫ್ಟ್ ಇರೋ ಸೆವೆನ್ ವುಡ್ ತಂದು ಕೊಟ್ಟರು. ರೌಂಡ್‌ನಲ್ಲಿ ಬೇರೆ ಆಟಗಾರರ ಕ್ಲಬ್ ಬಳಸೋ ಹಾಗಿಲ್ಲ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತು. ಆ ಹೋಲ್ ಕೈಬಿಟ್ಟು ಎಷ್ಟೋ ಹೊತ್ತಾಗಿತ್ತು.

ಸರ್ ಹೊಡೆದರು. ಅದೇ ಸ್ವಿಂಗ್, ಅದೇ ಲೈ. ಚೆಂಡು ಮರದ ತುದಿಯೆತ್ತರಕ್ಕೆ ಎದ್ದು, ಮೆತ್ತಗೆ ಇಳಿದು, ಹೆಚ್ಚು ಉರುಳದೆ ನಿಂತಿತು. ನನ್ನ ತ್ರೀ ವುಡ್‌ನಲ್ಲಿ ಅವರು ಹೊಡೆದ ಎರಡಕ್ಕಿಂತಲೂ ಮುಂದೆ.

ಬೇಗೆ ವಾಪಸ್ ಬಂದು ಮಾಡಿದ ಲೆಕ್ಕವನ್ನು ಇಲ್ಲಿ ಬರೀತೀನಿ, ಯಾಕೆಂದರೆ ಫಿಟ್ಟಿಂಗ್ ಟ್ರೈನಿಂಗ್‌ನಲ್ಲಿ ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿಕೊಟ್ಟಿರಲಿಲ್ಲ. ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಅಂದರೆ ಬರೀ ನೆಲದ ಮೇಲೆ ಕೂತ ಚೆಂಡಿನ ನಡುಮಟ್ಟ ನೆಲದಿಂದ 21 ಮಿಲಿಮೀಟರ್ ಚಿಲ್ಲರೆ. ಮುಖ 15 ಡಿಗ್ರಿ ಹಿಂದಕ್ಕೆ ವಾಲಿರೋದರಿಂದ ಅದು ಚೆಂಡಿಗೆ ತಾಗೋದು ನಡುಮಟ್ಟಕ್ಕಿಂತ ಕೆಳಗೆ. ಕ್ಲಬ್ಬಿನ ತಳ, ಅಂದರೆ ಸೋಲ್, ನೆಲ ಸವರಿಕೊಂಡು ಬಂದರೂ ತಾಗುವ ಬಿಂದು ಸುಮಾರು 16 ಮಿಲಿಮೀಟರ್ ಎತ್ತರದಲ್ಲಿ, ಅಷ್ಟೇ. ಕ್ಲಬ್ಬು ಸ್ವಲ್ಪ ಮೇಲೆ ಬಂದರೆ, ಅಂದರೆ ಥಿನ್ ಆದರೆ, ಮುಖದ ಇನ್ನೂ ಕೆಳಭಾಗಕ್ಕೆ. ಚೆಂಡನ್ನು ಟೀ ಅನ್ನೋ ಪುಟ್ಟ ಗೂಟದ ಮೇಲಿಟ್ಟು ಹೊಡೆದಾಗ ಸಿಗುವ ಮುಖದ ಮೇಲ್ಭಾಗ ಟೈಟ್ ಲೈಯಲ್ಲಿ ಇದ್ದೂ ಇಲ್ಲದ ಹಾಗೆ.

ಈಗ ಹೆಡ್‌ನ ಸಿ.ಜಿ., ಅಂದರೆ ಗುರುತ್ವ ಕೇಂದ್ರ, ಈ ತಾಗುವ ಬಿಂದುವಿಗಿಂತ ಮೇಲಿದ್ದರೆ ಆಗೋದೇನು? ಮುಖ ಮುಂದಕ್ಕೆ ಬಾಗುತ್ತೆ, ಲಾಂಚ್ ಇಳಿಯುತ್ತೆ, ಸ್ಪಿನ್ ಏರುತ್ತೆ, ಬಾಲ್ ಸ್ಪೀಡ್ ಸೋರುತ್ತೆ. ಜೊತೆಗೆ ವುಡ್‌ನ ಮುಖಕ್ಕೆ ಮೇಲಿಂದ ಕೆಳಗೂ ಉಬ್ಬು ಇರುತ್ತಲ್ಲ, ಆ ರೋಲ್‌ನಿಂದಾಗಿ ಕೆಳಭಾಗದಲ್ಲಿ ಲಾಫ್ಟ್ ಇರೋದೇ ಕಮ್ಮಿ. ಮುಖ ಎತ್ತರದ ಹೆಡ್‌ನಲ್ಲಿ ಸಿ.ಜಿ.ಯನ್ನು ಕೆಳಗಿಳಿಸೋದು ಕಷ್ಟ. ನಾನು ಕೊಟ್ಟಿದ್ದು ಟೀ ಮೇಲೆ ಡ್ರೈವರ್‌ಗೆ ಬದಲಾಗಿ ಬಳಸೋಕೆ ಒಳ್ಳೆಯ ಕ್ಲಬ್ಬು. ಅವರು ಕೇಳಿದ್ದು ನೆಲದಿಂದ ಹೊಡೆಯೋ ಕ್ಲಬ್ಬು.

ಇದೇನೂ ಹೊಸ ವಿಚಾರವಲ್ಲ. ಕ್ಲಬ್ಬು ತಯಾರಿಸೋ ಕೋಬ್ರಾದವರ ಬ್ಯಾಫ್ಲರ್ 1975ರಷ್ಟು ಹಳೆಯದು. ಸೋಲ್‌ನಲ್ಲಿ ಎರಡು ಹಳಿ ಇದ್ದ ಆ ವುಡ್ ಬಂದದ್ದೇ ಕೆಟ್ಟ ಲೈ ಇದ್ದಾಗ ಚೆಂಡು ಎತ್ತೋಕೆ. ಆಮೇಲೆ ಆಡಮ್ಸ್‌ನ ಟೈಟ್ ಲೈಸ್ ಅಂತೂ ಹೆಸರಲ್ಲೇ ತನ್ನ ಕೆಲಸ ಹೇಳಿಕೊಂಡು ಬಂತು. ಗಿಡ್ಡ ಮುಖ, ತೂಕವೆಲ್ಲ ತಳಕ್ಕೆ.

ವೇಗದ ಮಾತೂ ಇದೆ. ಚೆಂಡಿನ ಹಾರಾಟ ಅಳೆಯೋ ಟ್ರ್ಯಾಕ್‌ಮ್ಯಾನ್ ಕಂಪನಿ ಹಿಂದೆ ಬಿಡುಗಡೆ ಮಾಡಿದ ಸರಾಸರಿಗಳಲ್ಲಿ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರ ತ್ರೀ ವುಡ್ ಲಾಂಚ್ ಸುಮಾರು 9 ಡಿಗ್ರಿ. ಇದನ್ನು ನೋಡಿ "ನಂದೂ ಒಂಬತ್ತೇ" ಅಂತ ಖುಷಿಪಡೋರು ಇದ್ದಾರೆ. ಅದೇ ಪಟ್ಟಿಯಲ್ಲಿ ಟೂರ್‌ನವರ ಬಾಲ್ ಸ್ಪೀಡ್ ಗಂಟೆಗೆ 158 ಮೈಲಿ. ನಮ್ಮ ಸರ್‌ದು 115 ದಾಟಿದರೆ ಹೆಚ್ಚು. ಅಷ್ಟು ವೇಗಕ್ಕೆ 9 ಡಿಗ್ರಿಯಲ್ಲಿ ಹೊರಟ ಚೆಂಡು ಗಾಳಿಯಲ್ಲಿ ನಿಲ್ಲೋದಿಲ್ಲ. ಅವರಿಗೆ 21 ಡಿಗ್ರಿಯ ಕ್ಲಬ್ಬೇ 15 ಡಿಗ್ರಿಯದಕ್ಕಿಂತ ದೂರ ಹೋಗೋದರಲ್ಲಿ ಪವಾಡವೇನೂ ಇಲ್ಲ.

ಈಗ ಯಾರಾದರೂ ನೆಲದಿಂದ ಏಳೋ ಫೇರ್‌ವೇ ವುಡ್ ಬೇಕು ಅಂದರೆ ನಾನು ಸ್ಕ್ರೀನ್ ಆಮೇಲೆ ಹಾಕೋದು. ಮೊದಲು ರೇಂಜ್‌ನ ಮೂಲೆಗೆ, ಹುಲ್ಲು ಗಿಡ್ಡವಾಗಿರೋ ಕಡೆಗೆ ಕರೆದುಕೊಂಡು ಹೋಗ್ತೀನಿ. ಟೀ ಇಲ್ಲ. ಚೆಂಡು ತಾಗಿದ ಗುರುತು ಉಳಿಯಲಿ ಅಂತ ಮುಖಕ್ಕೆ ಫುಟ್ ಸ್ಪ್ರೇ (ಪಾದಕ್ಕೆ ಹೊಡೆಯೋ ಪುಡಿ) ಹೊಡೆದಿರ್ತೀನಿ. ಗುರುತು ಮುಖದ ಕೆಳಗಿನ ಗೆರೆಗಳ ಮೇಲೇ ಬೀಳ್ತಾ ಇದ್ದರೆ ಆ ಹೆಡ್ ವಾಪಸ್, ಬ್ರಾಂಡ್ ಯಾವುದಾದರೂ ಸರಿ. ಕಡಿಮೆ ಎತ್ತರದ ಮುಖ, ತೂಕ ಕೆಳಗೆ ಮತ್ತು ಹಿಂದಕ್ಕೆ ಇರೋ ಹೆಡ್ ಮುಂದಿಡ್ತೀನಿ. ತೂಕದ ಸ್ಕ್ರೂ ಹಿಂದೆ ಮುಂದೆ ಬದಲಾಯಿಸೋ ಹಾಗಿದ್ದರೆ ಭಾರದ್ದು ಹಿಂದಕ್ಕೆ.

ಸೋಲ್ ಮೇಲಿನ ಅಂಕಿಯನ್ನು ನಂಬಬೇಡಿ ಅಂತ ಕೌಂಟರ್ ಹುಡುಗರಿಗೂ ಹೇಳಿದ್ದೀನಿ. ತ್ರೀ ವುಡ್ ಅಂತಲೇ 15 ಡಿಗ್ರಿಯೂ ಬರುತ್ತೆ, 3ಎಚ್‌ಎಲ್ ಅಂತ 16.5 ಡಿಗ್ರಿಯೂ ಬರುತ್ತೆ. ಫೈವ್ ವುಡ್ 18ರಿಂದ 19, ಸೆವೆನ್ ವುಡ್ 21 ಇಲ್ಲ 22. ಕೇಳಬೇಕಾದ್ದು ಡಿಗ್ರಿಯನ್ನು. ನಿಧಾನ ಸ್ವಿಂಗ್‌ನವರಿಗೆ ನಾನು ಶುರು ಮಾಡೋದು ಫೈವ್ ವುಡ್‌ನಿಂದ. ಅದು ಮೇಲಿಂದ ಮೇಲೆ ಸಲೀಸಾಗಿ ಎದ್ದರೆ ಮಾತ್ರ ಲಾಫ್ಟ್ ಇಳಿಸೋ ಮಾತು, ಏಳದಿದ್ದರೆ ಸೀದಾ ಸೆವೆನ್.

ಹೆಡ್‌ಗೆ ಕೋಲು (ಶಾಫ್ಟ್) ಸೇರೋ ಕಡೆಯ ಸ್ಲೀವ್ ತಿರುಗಿಸಿ ಲಾಫ್ಟ್ ಏರಿಸಿದರೆ ಆಯ್ತಲ್ಲ ಅನ್ನೋರಿಗೆ: ಆಗುತ್ತೆ, ಒಂದೂವರೆ ಡಿಗ್ರಿಯಷ್ಟು. ಆದರೆ ಲಾಫ್ಟ್ ಏರಿಸಿದರೆ ನೆಲಕ್ಕಿಟ್ಟಾಗ ಮುಖ ಎಡಕ್ಕೆ ಮುಚ್ಚಿಕೊಳ್ಳುತ್ತೆ (ಬಲಗೈ ಆಟಗಾರರ ಲೆಕ್ಕ). ಚೆಂಡು ಬಲಕ್ಕೆ ಬಾಗೋ ಸ್ಲೈಸ್ ಇರೋರಿಗೆ ವರ, ಎಡಕ್ಕೆ ಬಾಗೋ ಹುಕ್ ಇರೋರಿಗೆ ಶಾಪ. ಅದೂ ಅಲ್ಲದೆ ಎತ್ತರದ ಮುಖ ಎತ್ತರವಾಗಿಯೇ ಉಳಿಯುತ್ತೆ, ಸಿ.ಜಿ. ಇದ್ದಲ್ಲೇ ಇರುತ್ತೆ.

ಶಾಫ್ಟ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ನಾನು ಕೆಡಿಸಿಕೊಳ್ಳಲ್ಲ. ಅದರ ಹೆಡ್ ಕಡೆಯ ತುದಿ, ಟಿಪ್, ಮೆತ್ತಗಿದ್ದರೆ ಲಾಂಚ್ ಸ್ವಲ್ಪ ಏರಬಹುದು, ಲಾಫ್ಟ್ ಮಾಡೋ ಕೆಲಸವನ್ನು ಅದು ಮಾಡಲ್ಲ. ಉದ್ದ ಮಾತ್ರ ನೋಡ್ತೀನಿ. ತ್ರೀ ವುಡ್ 43 ಇಂಚಿನ ಆಸುಪಾಸು, ಸೆವೆನ್ ವುಡ್ ಅದಕ್ಕಿಂತ ಒಂದಿಂಚು ಗಿಡ್ಡ. ಆ ಒಂದಿಂಚಿನಲ್ಲೇ ಎಷ್ಟೋ ಜನಕ್ಕೆ ಚೆಂಡು ಮುಖದ ನಡುವೆ ಸಿಗೋಕೆ ಶುರುವಾಗುತ್ತೆ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತೆ ಅನ್ನೋ ಅಳತೆ) ಮೂರು ಪಾಯಿಂಟ್ ಬೀಳುತ್ತೆ ಅನ್ನೋದನ್ನು ವರ್ಕ್‌ಶಾಪ್‌ನವರು ಮರೀತಾರೆ. ಆಮೇಲೆ "ಹೆಡ್ ಕೈಗೇ ಸಿಕ್ತಿಲ್ಲ" ಅನ್ನೋ ದೂರು ಬರೋದು ನನಗೆ.

ವುಡ್ಡಿಗೂ ತೆಳು ತಲೆಯ ಐರನ್‌ಗೂ ನಡುವಿನ ಹೈಬ್ರಿಡ್ ಯಾಕಾಗಬಾರದು ಅಂತ ಕೇಳೋರೂ ಇದ್ದಾರೆ. ಐರನ್ ಹೊಡೆದ ಹಾಗೆ ಮೇಲಿಂದ ಕೆಳಕ್ಕೆ ಕುಕ್ಕಿ, ಡಿವಟ್ ತೆಗೆಯೋರಿಗೆ ಧಾರಾಳವಾಗಿ ಆಗುತ್ತೆ. ಹುಲ್ಲು ಉದ್ದ ಬೆಳೆದ ರಫ್‌ನಲ್ಲೂ ಸಲೀಸು. ಆದರೆ ನಮ್ಮ ಸರ್ ಥರ ಸವರಿ ಹೊಡೆಯೋರಿಗೆ ಅದೇ ಲಾಫ್ಟ್‌ನ ಸೆವೆನ್ ವುಡ್ ಇನ್ನೂ ಎತ್ತರಕ್ಕೆ ಹೋಗಿ, ಇನ್ನೂ ನೇರವಾಗಿ ಇಳಿಯುತ್ತೆ. ಅದರ ಸಿ.ಜಿ. ಮುಖದಿಂದ ಹೆಚ್ಚು ಹಿಂದಿದೆ, ಶಾಫ್ಟೂ ಉದ್ದ.

ಉಳಿದಿರೋದು ಮರ್ಯಾದೆಯ ಪ್ರಶ್ನೆ. ಸೆವೆನ್ ವುಡ್ ಅಂದ ತಕ್ಷಣ "ಅಜ್ಜಂದಿರ ಕ್ಲಬ್ಬು" ಅಂತ ಮೂಗು ಮುರಿಯೋ ಮೆಂಬರುಗಳೇ ಹೆಚ್ಚು. ಟೂರ್ ಆಟಗಾರ ಹೆನ್ರಿಕ್ ಸ್ಟೆನ್ಸನ್ 13 ಡಿಗ್ರಿ ತ್ರೀ ವುಡ್ ಹೊಡೀತಿದ್ದ ಅಂತ ಉದಾಹರಣೆ ಕೊಡ್ತಾರೆ. ಸ್ಟೆನ್ಸನ್‌ಗೆ ಇದ್ದ ವೇಗ, ಅವನು ಚೆಂಡನ್ನು ತಾಗಿಸುತ್ತಿದ್ದ ರೀತಿ ಇವರ ಕಣ್ಣಿಗೆ ಬೀಳಲ್ಲ, ಅಂಕಿ ಮಾತ್ರ ಬೀಳುತ್ತೆ. ಆಗ ಡಸ್ಟಿನ್ ಜಾನ್ಸನ್ ಹೆಸರು ತೆಗೀತೀನಿ. 2020ರ ನವೆಂಬರಿನಲ್ಲಿ ಮಾಸ್ಟರ್ಸ್ ಟೂರ್ನಿಯನ್ನು 268 ಹೊಡೆತಗಳ ದಾಖಲೆಯಲ್ಲಿ ಗೆದ್ದಾಗ ಅವನ ಬ್ಯಾಗಿನಲ್ಲಿ ಸೆವೆನ್ ವುಡ್ ಇತ್ತು. ಆಮೇಲೆ ಹೆಚ್ಚು ವಾದ ಬರಲ್ಲ. ಬ್ಯಾಗಿನಲ್ಲಿ ಇಡಬಹುದಾದ ಹದಿನಾಲ್ಕು ಕ್ಲಬ್ಬುಗಳಲ್ಲಿ ಯಾವುದನ್ನು ತೆಗೀಬೇಕು ಅನ್ನೋ ಪ್ರಶ್ನೆ ಬರುತ್ತೆ. ಬಹಳ ಸಲ ತೆಗೆಯೋದು ತ್ರೀ ವುಡ್ಡನ್ನೇ, ಟೀ ಮೇಲೂ ಅದನ್ನು ಬಳಸದಿದ್ದರೆ.

ಸರ್ ಆ ತ್ರೀ ವುಡ್ ವಾಪಸ್ ಕೊಟ್ಟರು, 21 ಡಿಗ್ರಿಯದೊಂದು ತಗೊಂಡರು. ಎಕ್ಸ್‌ಚೇಂಜ್ ವ್ಯತ್ಯಾಸವನ್ನು ನನ್ನ ಇನ್ಸೆಂಟಿವ್‌ನಲ್ಲಿ ಹಿಡಿದರು, ಆ ಮಾತು ಬೇರೆ. ಕ್ಯಾಡಿಗೆ ಏನೂ ಸಿಗಲಿಲ್ಲ. ಫಿಟ್ಟಿಂಗ್‌ಗೆ ಕೂರಿಸೋದಾದರೆ ಅವರನ್ನೂ ಜೊತೆಗೆ ಕರೆಯೋಣ ಅಂತ ಮ್ಯಾನೇಜರ್ ಹತ್ತಿರ ಹೇಳಿದೆ. "ಪ್ರೊಸೀಜರ್‌ನಲ್ಲಿ ಇಲ್ಲ" ಅಂದರು. ಪ್ರೊಸೀಜರ್‌ನಲ್ಲಿ ಇರೋದು ಹಸಿರು ಸಾಲಿನ ರಿಪೋರ್ಟ್. ಅದನ್ನು ಟೋಟಲ್ ಬದಲು ಕ್ಯಾರಿ (ಚೆಂಡು ಗಾಳಿಯಲ್ಲಿ ಹೋದ ದೂರ) ಪ್ರಕಾರ ಜೋಡಿಸಿ, ಅತಿ ಉದ್ದದ್ದರ ಬದಲು ಸರಾಸರಿಯನ್ನು ಮೇಲೆ ಕೂರಿಸಿ ಅಂತ ಟಿಕೆಟ್ ಹಾಕಿದ್ದೀನಿ. "ಪರಿಶೀಲನೆಯಲ್ಲಿದೆ" ಅಂತ ತೋರಿಸ್ತಿದೆ. ಅಲ್ಲಿಯವರೆಗೆ ಪ್ರಿಂಟ್ ಆದ ಮೇಲೆ ಪೆನ್ನಿನಿಂದ ಸರಾಸರಿಗೆ ಸುತ್ತು ಹಾಕಿ ಕೊಡ್ತೀನಿ.

ಡೆಮೊ ಕಾರ್ಟ್‌ಗೆ ಒಂದು ಬಲಗೈ ಸೆವೆನ್ ವುಡ್ ಬಂದಿದೆ. ಎಡಗೈಯವರದ್ದು ಇನ್ನೂ ಇಂಡೆಂಟ್‌ನಲ್ಲೇ ಇದೆ. ನಾಳೆ ಬೆಳಿಗ್ಗೆ ಮೊದಲ ಸ್ಲಾಟ್‌ಗೆ ಬರೋರು ಎಡಗೈಯವರು.