ಹತ್ತಿರದ ತಂಡದ ಆಟವೇ ಟಿವಿಯಲ್ಲಿ ಏಕೆ ಬರುವುದಿಲ್ಲ?

ಅಯೋವಾ ರಾಜ್ಯದ ಡಿಮೊಯ್ನ್ ನಗರಕ್ಕೆ ಕೆಲಸಕ್ಕೆಂದು ಬರುವ ನಮ್ಮ ಕನ್ನಡದ ಹುಡುಗರಲ್ಲಿ ಹಲವರಿಗೆ ಒಂದೆರಡು ವರ್ಷದೊಳಗೆ ಬೇಸ್‌ಬಾಲ್‌ನ ರುಚಿ ಹತ್ತುತ್ತದೆ. ಚೆಂಡು, ಬ್ಯಾಟು, ಬೇಸಿಗೆಯ ಸಂಜೆ ಇವೆಲ್ಲ ನಮಗೆ ಹೊಸತಲ್ಲವಾದ್ದರಿಂದ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾಗೆ ರುಚಿ ಹತ್ತಿದವರು ನೇರಪ್ರಸಾರಕ್ಕೆ ವರ್ಷದ ಚಂದಾ ಕಟ್ಟಿ, ತಿಂಗಳು ತುಂಬುವುದರೊಳಗೆ ನನ್ನ ಬಳಿ ಬಂದು ಕೇಳುವ ಪ್ರಶ್ನೆ ಒಂದೇ: “ಸಾರ್, ನ್ಯೂಯಾರ್ಕಿನ ಆಟ ಬರುತ್ತದೆ, ಬಾಸ್ಟನ್ನಿನದು ಬರುತ್ತದೆ. ಹತ್ತಿರದ ಶಿಕಾಗೋ ತಂಡದ್ದು ಮಾತ್ರ ಬರುವುದಿಲ್ಲ. ದುಡ್ಡು ಕೊಟ್ಟರೂ ಏಕೆ ಹೀಗೆ?”

ಅವರು ನೋಡಿರುವುದನ್ನು ನಾನೂ ಎಷ್ಟೋ ಸಂಜೆ ನೋಡಿದ್ದೇನೆ. ಕಾಫಿ ಲೋಟ ಹಿಡಿದು ಕುಳಿತು ಪಂದ್ಯದ ಹೆಸರನ್ನು ಒತ್ತಿದರೆ, ಹಸಿರು ಮೈದಾನ ಕಾಣಬೇಕಾದಲ್ಲಿ ಕಪ್ಪು ಪರದೆಯೂ, ಈ ಪಂದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂಬ ಒಂದು ಸಾಲೂ ಕಾಣುತ್ತವೆ. ಇದನ್ನು ಇಲ್ಲಿ ಬ್ಲ್ಯಾಕೌಟ್ ಎನ್ನುತ್ತಾರೆ. ಅಯೋವಾದಲ್ಲಿ ಮೇಜರ್ ಲೀಗಿನ, ಅಂದರೆ ಬೇಸ್‌ಬಾಲಿನ ಅತ್ಯುನ್ನತ ಲೀಗಿನ, ಒಂದು ತಂಡವೂ ಇಲ್ಲ. ಡಿಮೊಯ್ನ್‌ನಿಂದ ಅತಿ ಹತ್ತಿರದ ಕ್ರೀಡಾಂಗಣವಿರುವುದು ಸುಮಾರು 300 ಕಿಲೋಮೀಟರ್ ದೂರದ ಕ್ಯಾನ್ಸಸ್ ಸಿಟಿಯಲ್ಲಿ. ಆದರೂ ಲೀಗಿನ ನಕ್ಷೆಯ ಪ್ರಕಾರ ಅಯೋವಾ ಆರು ತಂಡಗಳ “ಸ್ವಂತ ಪ್ರದೇಶ”: ಶಿಕಾಗೋದ ಕಬ್ಸ್ ಮತ್ತು ವೈಟ್ ಸಾಕ್ಸ್, ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಕ್ಯಾನ್ಸಸ್ ಸಿಟಿ ರಾಯಲ್ಸ್, ಮಿನ್ನೆಸೋಟ ಟ್ವಿನ್ಸ್, ಮಿಲ್ವಾಕೀ ಬ್ರೂವರ್ಸ್. ಮೂವತ್ತು ತಂಡಗಳ ಲೀಗಿನಲ್ಲಿ ನಮಗೆ ಹತ್ತಿರವಾದ ಈ ಆರೂ ತಂಡಗಳ ಪಂದ್ಯಗಳು, ದೇಶವಿಡೀ ತೋರಿಸುವ ಆ ಚಂದಾದಲ್ಲಿ ನಮಗೆ ಸಿಗುವುದಿಲ್ಲ. ಇದರ ಕಾರಣ ತಿಳಿಯಬೇಕಾದರೆ ಪ್ರಾದೇಶಿಕ ಕ್ರೀಡಾ ವಾಹಿನಿಗಳ, ಅಂದರೆ ಒಂದು ಸೀಮೆಯ ತಂಡಗಳ ಆಟವನ್ನು ಆ ಸೀಮೆಯವರಿಗೆ ತೋರಿಸುವ ಟಿವಿ ವಾಹಿನಿಗಳ, ಅರ್ಧ ಶತಮಾನದ ಕತೆಯನ್ನು ತಿಳಿಯಬೇಕಾಗುತ್ತದೆ.

ಮೊದಲು ಹಕ್ಕು ಯಾರದ್ದು ಎಂಬ ಮಾತು. ನಮಗೆ ಐಪಿಎಲ್ ಅಭ್ಯಾಸ. ಆರ್‌ಸಿಬಿ ಆಡುವ ಪಂದ್ಯದ ಪ್ರಸಾರ ಹಕ್ಕನ್ನು ಆರ್‌ಸಿಬಿ ಮಾರುವುದಿಲ್ಲ. ಎಲ್ಲ ಪಂದ್ಯಗಳನ್ನೂ ಬಿಸಿಸಿಐ ಒಟ್ಟಾಗಿ ಮಾರುತ್ತದೆ. ಅಮೆರಿಕದಲ್ಲಿ ಹಾಗೆ ನಡೆಯುವುದು ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನಲ್ಲಿ. ತಂಡಗಳೆಲ್ಲ ಸೇರಿ ಪ್ರಸಾರ ಹಕ್ಕು ಮಾರುವುದಕ್ಕೆ 1961ರಲ್ಲಿ ಅಲ್ಲಿನ ಸಂಸತ್ತು ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿಯಲ್ಲಿ ಲೀಗ್ ಮಾರುವುದು ರಾಷ್ಟ್ರೀಯ ಪ್ರಸಾರಕ್ಕೆಂದು ಆಯ್ದ ಕೆಲವು ಪಂದ್ಯಗಳನ್ನು ಮಾತ್ರ. ಉಳಿದ ಬಹುಪಾಲು ಪಂದ್ಯಗಳನ್ನು ಆಯಾ ತಂಡವೇ ತನ್ನ ಸೀಮೆಯೊಳಗೆ ಮಾರಿಕೊಳ್ಳುತ್ತದೆ. ಬೇಸ್‌ಬಾಲ್ ತಂಡವೊಂದು ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆಯಾದ್ದರಿಂದ ಮಾರುವ ಸರಕಿಗೆ ಕೊರತೆಯಿರಲಿಲ್ಲ. ಕೊಳ್ಳುವವರು ಹುಟ್ಟಬೇಕಾಗಿತ್ತು, ಅಷ್ಟೇ.

ಅವರು ಹುಟ್ಟಿದ್ದು ಮ್ಯಾನ್‌ಹಟನ್ನಿನ ಎತ್ತರದ ಕಟ್ಟಡಗಳ ಕಾರಣದಿಂದ. ಅಲ್ಲಿ ಆಂಟೆನಾಕ್ಕೆ ಬರುವ ಸಂಕೇತ ಗೋಡೆಗಳಿಗೆ ಬಡಿದು, ಪರದೆಯ ಮೇಲೆ ಒಂದು ಚಿತ್ರ ಎರಡಾಗಿ ಕಾಣುತ್ತಿತ್ತು. ಚಾರ್ಲ್ಸ್ ಡೋಲನ್ ಎಂಬ ಉದ್ಯಮಿ ಬೀದಿಗಳ ಅಡಿಯಲ್ಲಿ ಕೇಬಲ್ ಎಳೆಸಿ ಸ್ವಚ್ಛ ಚಿತ್ರ ಮಾರತೊಡಗಿದರು. ಆದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂಬಷ್ಟಕ್ಕೇ ಜನ ತಿಂಗಳು ತಿಂಗಳು ದುಡ್ಡು ಕೊಡುವುದಿಲ್ಲ. ಬೇರೆಲ್ಲೂ ಸಿಗದ್ದು ಏನಾದರೂ ಬೇಕಾಗಿತ್ತು. 1969ರಲ್ಲಿ ಅವರು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಾಂಗಣದಲ್ಲಿ ನಡೆಯುವ ನಿಕ್ಸ್ ಬಾಸ್ಕೆಟ್‌ಬಾಲ್ ಪಂದ್ಯಗಳನ್ನೂ ರೇಂಜರ್ಸ್ ಹಾಕಿ ಪಂದ್ಯಗಳನ್ನೂ ಕೇಬಲ್ಲಿಗೆ ತಂದರು. ಮರುವರ್ಷದ ಮೇ ತಿಂಗಳಲ್ಲಿ ನಿಕ್ಸ್ ತಂಡ ಚಾಂಪಿಯನ್ ಆಯಿತು. ಇಂದಿಗೂ ಎಂಎಸ್‌ಜಿ ಎಂಬ ಹೆಸರಿನಲ್ಲಿ ನಡೆಯುತ್ತಿರುವ ವಾಹಿನಿಯ ಮೂಲ ಅದು. ಅಮೆರಿಕದ ಪ್ರಾದೇಶಿಕ ಕ್ರೀಡಾ ವಾಹಿನಿಗಳ ಮೂಲವೂ ಅದೇ. 1979ರ ಸೆಪ್ಟೆಂಬರಿನಲ್ಲಿ ಇಎಸ್‌ಪಿಎನ್ ಆರಂಭವಾಗುವುದಕ್ಕೆ ಹತ್ತು ವರ್ಷ ಮೊದಲಿನ ಮಾತಿದು.

1976ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಿಸಮ್, 1984ರಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ಮತ್ತು ಬ್ರೂಯಿನ್ಸ್ ತಂಡಗಳು ಸೇರಿ ಕಟ್ಟಿದ ನೆಸನ್, 1985ರಲ್ಲಿ ಲಾಸ್ ಏಂಜಲೀಸಿನಲ್ಲಿ ಲೇಕರ್ಸ್ ಮಾಲೀಕ ಜೆರ್ರಿ ಬಸ್ ಮತ್ತು ಕೇಬಲ್ ಉದ್ಯಮದ ಬಿಲ್ ಡೇನಿಯಲ್ಸ್ ಆರಂಭಿಸಿದ ಪ್ರೈಮ್ ಟಿಕೆಟ್, ಹೀಗೆ ಊರೂರಿಗೆ ವಾಹಿನಿಗಳಾದವು. ಇವುಗಳ ನಡುವೆ ನನಗೆ ಮುಖ್ಯವಾಗಿ ಕಾಣುವುದು ಸೋತ ಒಂದು ಪ್ರಯೋಗ. ಶಿಕಾಗೋ ವೈಟ್ ಸಾಕ್ಸ್ ತಂಡವನ್ನು ಕೊಂಡ ಜೆರ್ರಿ ರೈನ್ಸ್‌ಡಾರ್ಫ್ ಮತ್ತು ಎಡ್ಡಿ ಐನ್‌ಹಾರ್ನ್ 1982ರಲ್ಲಿ ಸ್ಪೋರ್ಟ್ಸ್‌ವಿಷನ್ ಎಂಬ ವಾಹಿನಿ ತೆರೆದು, ಅದುವರೆಗೆ ಪುಕ್ಕಟೆಯಾಗಿ ಕಾಣುತ್ತಿದ್ದ ಬಹುಪಾಲು ಪಂದ್ಯಗಳನ್ನು ಪ್ರತ್ಯೇಕ ಚಂದಾ ಕೊಟ್ಟವರಿಗೆ ಮಾತ್ರ ತೋರಿಸತೊಡಗಿದರು. ತಂಡದ ಜನಪ್ರಿಯ ವೀಕ್ಷಕ ವಿವರಣೆಕಾರ ಹ್ಯಾರಿ ಕ್ಯಾರಿ ಅದನ್ನು ಒಪ್ಪದೆ, ಅದೇ ಊರಿನ ಎದುರಾಳಿ ಕಬ್ಸ್ ತಂಡಕ್ಕೆ ಹೋಗಿಬಿಟ್ಟರು. ಕಬ್ಸ್ ಆಟ ಬರುತ್ತಿದ್ದುದು ಉಪಗ್ರಹದ ಮೂಲಕ ದೇಶವಿಡೀ ತಲುಪುತ್ತಿದ್ದ ಡಬ್ಲ್ಯುಜಿಎನ್ ಕೇಂದ್ರದಲ್ಲಿ. ಒಂದು ತಂಡ ಮನೆಮನೆಯ ಮಾತಾಯಿತು, ಇನ್ನೊಂದು ತನ್ನೂರಿನಲ್ಲೇ ಮರೆಯಾಯಿತು. ಸ್ಪೋರ್ಟ್ಸ್‌ವಿಷನ್‌ಗೆ ಸಾಕಷ್ಟು ಚಂದಾದಾರರು ಸಿಗದೆ, ಅದು ಒಂದೆರಡು ವರ್ಷದಲ್ಲೇ ಬೇರೆಯವರ ಕೈಸೇರಿತು.

ಆಟ ನೋಡುವವರಿಂದ ಮಾತ್ರ ದುಡ್ಡು ಕೇಳಿದರೆ ವಾಹಿನಿ ಬದುಕುವುದಿಲ್ಲ ಎಂಬುದನ್ನು ಉದ್ಯಮ ಅಲ್ಲಿ ಕಲಿಯಿತು. ಹಾಗಾಗಿ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ವಾಹಿನಿಗಳು ಒಂದೊಂದಾಗಿ ಪ್ರತ್ಯೇಕ ಚಂದಾದಿಂದ ಕೇಬಲ್ಲಿನ ಮೂಲ ಪ್ಯಾಕೇಜಿಗೆ ಸರಿದವು. ಅಂದರೆ ಕೇಬಲ್ ಹಾಕಿಸಿಕೊಂಡ ಪ್ರತಿಯೊಂದು ಮನೆಯ ತಿಂಗಳ ಬಿಲ್ಲಿನಿಂದಲೂ ವಾಹಿನಿಗೆ ಇಷ್ಟು ಡಾಲರ್ ಎಂದು ಸಂದಾಯವಾಗುತ್ತಿತ್ತು, ಆ ಮನೆಯವರು ಆಟ ನೋಡಲಿ, ಬಿಡಲಿ. ಜನ್ಮದಲ್ಲಿ ಬೇಸ್‌ಬಾಲ್ ನೋಡದ ಅಜ್ಜಿಯೂ ಅಡುಗೆ ಕಾರ್ಯಕ್ರಮ ನೋಡಲೆಂದು ಕೇಬಲ್ ಹಾಕಿಸಿಕೊಂಡು, ಆಟಗಾರರ ಸಂಬಳಕ್ಕೆ ತನ್ನ ಪಾಲು ಕೊಡುತ್ತಿದ್ದಳು. ಇದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಅದೇ ದುಡ್ಡಿನಿಂದಲೇ, ಹಿಂದೆ ಋತುವಿನ ಕೆಲವು ಪಂದ್ಯಗಳಷ್ಟೇ ಕಾಣುತ್ತಿದ್ದ ಊರುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಪಂದ್ಯಗಳೂ ಕಾಣುವಂತಾದವು ಎಂಬುದನ್ನೂ ಒಪ್ಪಲೇಬೇಕು. ವಯಸ್ಸಾಗಿ ಮೈದಾನಕ್ಕೆ ಹೋಗಲಾರದವರಿಗೆ, ಹಳ್ಳಿಗಳಲ್ಲಿ ಇರುವವರಿಗೆ ಅದು ಸಣ್ಣ ಲಾಭವಲ್ಲ.

ದುಡ್ಡು ಎಷ್ಟು ಬೇಗ ಬೆಳೆಯಿತೆಂದರೆ, 1988ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ 12 ವರ್ಷಗಳ ಹಕ್ಕನ್ನು ಎಂಎಸ್‌ಜಿಗೆ ಸುಮಾರು 48.6 ಕೋಟಿ ಡಾಲರಿಗೆ ಮಾರಿತು. 1996ರಲ್ಲಿ ರೂಪರ್ಟ್ ಮರ್ಡೋಕ್ ಅವರ ಕಂಪನಿ ಚದುರಿದ್ದ ವಾಹಿನಿಗಳನ್ನು ಫಾಕ್ಸ್ ಸ್ಪೋರ್ಟ್ಸ್ ನೆಟ್ ಎಂಬ ಒಂದೇ ಹೆಸರಿನಡಿ ಜೋಡಿಸತೊಡಗಿತು. ಹಕ್ಕು ಮಾರುವುದಕ್ಕಿಂತ ವಾಹಿನಿಯನ್ನೇ ಇಟ್ಟುಕೊಳ್ಳುವುದು ಲಾಭವೆಂದು ತಂಡಗಳಿಗೂ ಹೊಳೆಯಿತು. ಯಾಂಕೀಸ್ ಪಾಲುದಾರಿಕೆಯ ಯೆಸ್ ವಾಹಿನಿ 2002ರ ಮಾರ್ಚ್ 19ರಂದು ಆರಂಭವಾಯಿತು.

ಅದರ ಮೊದಲ ಋತುವಿನ ಜಗಳದಲ್ಲಿ ಇಡೀ ವ್ಯವಸ್ಥೆಯ ಒಳಗುಟ್ಟು ಬಯಲಾಗುತ್ತದೆ. ನ್ಯೂಯಾರ್ಕ್ ಸುತ್ತಮುತ್ತ ಸುಮಾರು 30 ಲಕ್ಷ ಮನೆಗಳಿಗೆ ಕೇಬಲ್ ಕೊಡುತ್ತಿದ್ದುದು ಕೇಬಲ್‌ವಿಷನ್ ಕಂಪನಿ. ಅದರ ಸ್ಥಾಪಕರು ಮ್ಯಾನ್‌ಹಟನ್ನಿನಲ್ಲಿ ಇದನ್ನೆಲ್ಲ ಆರಂಭಿಸಿದ್ದ ಅದೇ ಡೋಲನ್. ಪ್ರತಿ ಚಂದಾದಾರನ ಲೆಕ್ಕದಲ್ಲೂ ತಿಂಗಳಿಗೆ ಸುಮಾರು ಎರಡು ಡಾಲರ್ ಕೊಡಬೇಕೆಂದು ಯೆಸ್ ಕೇಳಿತು. ಬೇಕಾದವರು ಬೇರೆಯಾಗಿ ಕೊಳ್ಳಲಿ, ಬೇಡದವರ ಮೇಲೆ ಹೇರುವುದಿಲ್ಲ ಎಂದು ಕೇಬಲ್‌ವಿಷನ್ ಹಟ ಹಿಡಿಯಿತು. ಅದೇ ಕಂಪನಿ ತನ್ನ ಸ್ವಂತ ಕ್ರೀಡಾ ವಾಹಿನಿಗಳನ್ನು ಎಲ್ಲರ ಪ್ಯಾಕೇಜಿಗೂ ಸೇರಿಸಿತ್ತೆಂಬುದು ಬೇರೆ ಮಾತು. 2002ರ ಇಡೀ ಋತು ಆ 30 ಲಕ್ಷ ಮನೆಗಳಲ್ಲಿ ಯೆಸ್ ವಾಹಿನಿ ಕಾಣಲಿಲ್ಲ. ಮರುವರ್ಷದ ಋತು ಆರಂಭವಾಗುವ ಹೊತ್ತಿಗೆ, ನಗರದ ಮೇಯರ್ ಮತ್ತು ರಾಜ್ಯದ ಅಟಾರ್ನಿ ಜನರಲ್ ನಡುವೆ ಬಂದ ಮೇಲೆ ತಾತ್ಕಾಲಿಕ ಒಪ್ಪಂದವಾಯಿತು. ನೋಡದವರೂ ಕೊಡಬೇಕೇ ಎಂಬ ಪ್ರಶ್ನೆಗೆ 2004ರಲ್ಲಿ ಮಧ್ಯಸ್ಥಗಾರರ ತೀರ್ಪಿನಿಂದ ಬಂದ ಉತ್ತರ, ಕೊಡಬೇಕು ಎಂಬುದೇ.

ಈಗ ನಮ್ಮ ಕಪ್ಪು ಪರದೆಗೆ ಬರೋಣ. ವಾಹಿನಿ ತಂಡಕ್ಕೆ ಕೋಟಿಗಟ್ಟಲೆ ಕೊಡುವುದು, ಈ ಸೀಮೆಯೊಳಗೆ ಈ ಆಟ ತನ್ನಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ ಎಂಬ ಭರವಸೆಗೆ. ಸಿಕ್ಕಿದರೆ ಜನ ಕೇಬಲ್ ಬಿಟ್ಟುಬಿಡುತ್ತಾರೆ. ಆದ್ದರಿಂದಲೇ ದೇಶವಿಡೀ ಆಟ ತೋರಿಸುವ ಚಂದಾ ಸೇವೆ ತಂಡದ ಸೀಮೆಯೊಳಗಿನವರಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಸೀಮೆ ದೊಡ್ಡದಾದಷ್ಟೂ ಬೆಲೆ ಹೆಚ್ಚು ಬರುವುದರಿಂದ, ಸ್ವಂತ ತಂಡವಿಲ್ಲದ ಅಯೋವಾವನ್ನು ಸುತ್ತಲಿನ ಎಲ್ಲರೂ ತಮ್ಮ ಸೀಮೆಗೆ ಸೇರಿಸಿಕೊಂಡರು. ಆ ವಾಹಿನಿ ನಮ್ಮೂರಿನ ಕೇಬಲ್ಲಿನಲ್ಲಿ ಬರುತ್ತದೆಯೋ ಇಲ್ಲವೋ ಎಂಬುದನ್ನು ನಕ್ಷೆ ಕೇಳುವುದಿಲ್ಲ.

ಈ ವ್ಯವಸ್ಥೆ ಬಿರುಕು ಬಿಟ್ಟದ್ದು ಮೊದಲು ಹ್ಯೂಸ್ಟನ್ನಿನಲ್ಲಿ. 2012ರ ಅಕ್ಟೋಬರಿನಲ್ಲಿ ಅಲ್ಲಿ ಬೇಸ್‌ಬಾಲಿನ ಆಸ್ಟ್ರೋಸ್, ಬಾಸ್ಕೆಟ್‌ಬಾಲಿನ ರಾಕೆಟ್ಸ್ ಮತ್ತು ಕೇಬಲ್ ಕಂಪನಿಯಾದ ಕಾಮ್‌ಕಾಸ್ಟ್ ಸೇರಿ ವಾಹಿನಿ ತೆರೆದವು. ಕೇಳಿದ ಬೆಲೆಗೆ ಇತರ ಕೇಬಲ್ ಮತ್ತು ಉಪಗ್ರಹ ಕಂಪನಿಗಳು ಒಪ್ಪದೆ, ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಅದು ತಲುಪಲೇ ಇಲ್ಲ. 2013ರ ಸೆಪ್ಟೆಂಬರ್ 22ರಂದು ಆಸ್ಟ್ರೋಸ್ ಆಡಿದ ಪಂದ್ಯಕ್ಕೆ ಬಂದ ರೇಟಿಂಗ್ 0.0. ಅಳತೆಗೆಂದು ಆಯ್ದ ಮನೆಗಳಲ್ಲಿ ಒಂದರಲ್ಲೂ ಆ ಪಂದ್ಯ ನೋಡಿದ ದಾಖಲೆಯಿಲ್ಲ. ಆ ವರ್ಷ ತಂಡ 111 ಪಂದ್ಯ ಸೋತಿತ್ತು ನಿಜ. ಆದರೂ ದೇಶದ ಅತಿ ದೊಡ್ಡ ನಗರಗಳಲ್ಲಿ ಒಂದಾದ ಊರಿನಲ್ಲಿ ಹೀಗಾಯಿತೆಂದು ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ವಾಹಿನಿಯ ವಿಷಯ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು.

ಲಾಸ್ ಏಂಜಲೀಸಿನ ಕತೆ ಇನ್ನೂ ನೋವಿನದು. ಡಾಜರ್ಸ್ ತಂಡ 25 ವರ್ಷಗಳಿಗೆ ಸುಮಾರು 835 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು 2014ರಲ್ಲಿ ಹೊಸ ವಾಹಿನಿ ತೆರೆಯಿತು. ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿ ಮುಂತಾದವು ಅದನ್ನು ಕೊಳ್ಳಲಿಲ್ಲ. ಡೈರೆಕ್‌ಟಿವಿ ಒಪ್ಪಿದ್ದು 2020ರ ಏಪ್ರಿಲಿನಲ್ಲಿ. ಆ ನಡುವಿನ ವರ್ಷಗಳಲ್ಲೇ, 1950ರಿಂದ ಡಾಜರ್ಸ್ ಆಟವನ್ನು ಬಣ್ಣಿಸುತ್ತಿದ್ದ ವಿನ್ ಸ್ಕಲಿ ನಿವೃತ್ತರಾದರು. ಅವರ ದನಿ ಕೇಳುತ್ತಲೇ ಬೆಳೆದು ಮುದುಕರಾದವರಲ್ಲಿ ಹಲವರು, ಅವರ 67ನೆಯ ಋತುವಾದ 2016ರಲ್ಲಿ, ತಮ್ಮ ಮನೆಯ ಟಿವಿಯಲ್ಲಿ ಅವರನ್ನು ಕೇಳಲಾರದೆ ಹೋದರು. ಕೊನೆಯ ಆರು ಪಂದ್ಯಗಳನ್ನು ಮಾತ್ರ ಕೆಟಿಎಲ್ಎ ಎಂಬ ಪುಕ್ಕಟೆ ಕೇಂದ್ರದಲ್ಲೂ ತೋರಿಸಿದರು. ಸಾವಿರಾರು ಪಂದ್ಯಗಳ ಮಾತಿಗೆ ಆರು ಪಂದ್ಯಗಳ ಬೀಳ್ಕೊಡುಗೆ.

ಅಷ್ಟರಲ್ಲಿ ಜನ ಕೇಬಲ್ ಬಿಡತೊಡಗಿದ್ದರು. ಒಂದು ಕಾಲಕ್ಕೆ ಕೇಬಲ್ ಅಥವಾ ಉಪಗ್ರಹ ಟಿವಿಗೆ ದುಡ್ಡು ಕೊಡುತ್ತಿದ್ದ ಮನೆಗಳು ಸುಮಾರು ಹತ್ತು ಕೋಟಿ. ಅಜ್ಜಿಯ ಮನೆಗೆ ಮೊಮ್ಮಗ ಇಂಟರ್ನೆಟ್ ಪೆಟ್ಟಿಗೆ ತಂದು ಜೋಡಿಸಿದ ದಿನ, ಬೇಸ್‌ಬಾಲಿಗೆ ಹೋಗುತ್ತಿದ್ದ ಆಕೆಯ ಪಾಲು ನಿಂತುಹೋಯಿತು. 2019ರಲ್ಲಿ ಡಿಸ್ನಿ ಕಂಪನಿ ಮರ್ಡೋಕ್ ಅವರ ಫಾಕ್ಸ್‌ನ ಬಹುಭಾಗವನ್ನು ಕೊಂಡಾಗ, ಸ್ಪರ್ಧೆ ಉಳಿಯಲೆಂದು ಸರ್ಕಾರ ಹಾಕಿದ ಷರತ್ತಿನಂತೆ ಪ್ರಾದೇಶಿಕ ವಾಹಿನಿಗಳನ್ನು ಮಾರಬೇಕಾಯಿತು. ಯೆಸ್ ವಾಹಿನಿ ಯಾಂಕೀಸ್ ಇದ್ದ ಗುಂಪಿಗೆ ಹೋಯಿತು. ಉಳಿದ 21 ವಾಹಿನಿಗಳನ್ನು ಸಿಂಕ್ಲೇರ್ ಕಂಪನಿ ಸುಮಾರು ಸಾವಿರ ಕೋಟಿ ಡಾಲರಿಗೆ, ಹೆಚ್ಚಿನ ಪಾಲು ಸಾಲ ಮಾಡಿ ಕೊಂಡಿತು. ಒಳಗಿನಿಂದ ಬತ್ತುತ್ತಿದ್ದ ಬಾವಿಗೆ ಕೊಟ್ಟ ಬೆಲೆ ಅದು. ಆ ವಾಹಿನಿಗಳಿಗೆಂದು ಕಟ್ಟಿದ್ದ ಡೈಮಂಡ್ ಸ್ಪೋರ್ಟ್ಸ್ ಸಂಸ್ಥೆ 2023ರ ಫೆಬ್ರವರಿಯಲ್ಲಿ ಸುಮಾರು 14 ಕೋಟಿ ಡಾಲರಿನ ಬಡ್ಡಿ ಕಟ್ಟಲಿಲ್ಲ. ಮಾರ್ಚ್ 14ರಂದು, 800 ಕೋಟಿ ಡಾಲರ್ ಮೀರಿದ ಸಾಲದೊಡನೆ, ದಿವಾಳಿ ರಕ್ಷಣೆ ಕೋರಿತು. ಮೇ ತಿಂಗಳ ಕೊನೆಗೆ ಸ್ಯಾನ್ ಡಿಯಾಗೋ ಪಾಡ್ರೇಸ್ ತಂಡಕ್ಕೆ ಹಣ ಸಲ್ಲದಿದ್ದಾಗ ಬೇಸ್‌ಬಾಲ್ ಲೀಗ್ ತಾನೇ ಪ್ರಸಾರ ಕೈಗೆತ್ತಿಕೊಂಡು, ಆ ಸೀಮೆಯಲ್ಲಿ ಬ್ಲ್ಯಾಕೌಟನ್ನು ತೆಗೆದುಹಾಕಿತು. ಬಾಸ್ಕೆಟ್‌ಬಾಲಿನಲ್ಲಿ ಫೀನಿಕ್ಸ್ ಸನ್ಸ್ ಮತ್ತು ಯೂಟಾ ಜಾಝ್, ಹಾಕಿಯಲ್ಲಿ ಲಾಸ್ ವೇಗಾಸಿನ ಗೋಲ್ಡನ್ ನೈಟ್ಸ್ ಅದೇ ವರ್ಷ ಆಂಟೆನಾದಲ್ಲಿ ಬರುವ ಪುಕ್ಕಟೆ ಕೇಂದ್ರಗಳಿಗೆ ಬಂದವು.

ನಮ್ಮ ಆರು ತಂಡಗಳಿಗೆ ಏನಾಯಿತೆಂದು ಹುಡುಗರು ಮುಂದಕ್ಕೆ ಕೇಳುತ್ತಾರೆ. ಕಬ್ಸ್ 2020ರಲ್ಲಿ ತೆರೆದ ಮಾರ್ಕೀ ವಾಹಿನಿ 2023ರಿಂದ ಕೇಬಲ್ ಇಲ್ಲದವರಿಗೂ ನೇರ ಚಂದಾ ಮಾರುತ್ತಿದೆ. ಟ್ವಿನ್ಸ್ ಪಂದ್ಯಗಳನ್ನು 2025ರಿಂದ ಲೀಗ್ ತಾನೇ ತಯಾರಿಸಿ ತೋರಿಸತೊಡಗಿತು. ಅಯೋವಾದವರು ಅದಕ್ಕೆಂದು ಬೇರೆ ಚಂದಾ ಕಟ್ಟಿದರೆ ಟ್ವಿನ್ಸ್ ಊರಾದ ಮಿನಿಯಾಪೊಲಿಸಿನ ಮೈದಾನ ಕಾಣುತ್ತದೆ. ಆರೂ ತಂಡಗಳನ್ನು ನೋಡಬೇಕೆಂದರೆ ಒಂದು ಚಂದಾ ಸಾಲುವುದಿಲ್ಲ.

ಅಷ್ಟು ಖರ್ಚು ಬೇಡವೆನ್ನುವವರಿಗೆ ನಾನು ಹೇಳುವುದು ಇದು. ಬ್ಲ್ಯಾಕೌಟ್ ನಿಯಮ ಟಿವಿಗೆ ಮಾತ್ರ, ರೇಡಿಯೋ ವಿವರಣೆಗೆ ಇಲ್ಲ. ಸೇಂಟ್ ಲೂಯಿಸಿನ ಕೆಎಂಒಎಕ್ಸ್ ಕೇಂದ್ರದ ಶಕ್ತಿ 50,000 ವ್ಯಾಟ್. ಕತ್ತಲಾದ ಮೇಲೆ ಕಾರಿನ ರೇಡಿಯೋವನ್ನು ಎಎಂ 1120ಕ್ಕೆ ತಿರುಗಿಸಿ, ಸ್ವಲ್ಪ ಗರಗರ ಸದ್ದನ್ನು ಸಹಿಸಿಕೊಂಡರೆ, ಕಾರ್ಡಿನಲ್ಸ್ ಆಟ ಅಯೋವಾದ ಜೋಳದ ಹೊಲಗಳ ನಡುವೆಯೂ ಕೇಳಿಸುತ್ತದೆ.