ಐದು ವರ್ಷದ ಸರಾಸರಿಯಲ್ಲಿ ಹುಟ್ಟಿದ ಅಲೆ

ಮೇ ತಿಂಗಳು ಬಂತೆಂದರೆ ನಮ್ಮ ಆಫೀಸಿನ ಫೋನಿಗೆ ಬಿಡುವಿಲ್ಲ. ಸಿಂಧನೂರಿನಿಂದ, ಮಾನ್ವಿಯಿಂದ, ಲಿಂಗಸುಗೂರಿನಿಂದ ಒಂದೇ ಪ್ರಶ್ನೆ: "ಎಲ್ ನಿನೊ ಐತಂತ್ರಿ, ಈ ಸಲ ಮಳಿ ಬರಂಗಿಲ್ಲೇನು?" ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವಭಾಗದ ನೀರು ವಾಡಿಕೆಗಿಂತ ಬೆಚ್ಚಗಾಗುವುದೇ ಎಲ್ ನಿನೊ. ಅಂಥ ವರ್ಷ ನಮ್ಮ ಮುಂಗಾರು ಸೊರಗಬಹುದು ಅನ್ನುವುದು ಅವರ ಭಯ.

ನಾನು ರಾಯಚೂರಿನಲ್ಲಿ ಹವಾಮಾನದ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ಮಳೆ ಮಾಪಕದ ದಾಖಲೆ, ತುಂಗಭದ್ರಾ ಡ್ಯಾಮಿನ ಒಳಹರಿವು, ಸಮುದ್ರದ ಮೇಲ್ಮೈ ಉಷ್ಣಾಂಶ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಯಾವುದಕ್ಕೆ ಯಾವುದರ ಸಂಬಂಧ ಇದೆ ಅಂತ ಹುಡುಕುತ್ತೇನೆ. ಅದರ ಮೇಲೆ ರೈತರಿಗೆ ಸಲಹೆ ಹೋಗುತ್ತದೆ. ಆ ಸಲಹೆ ನಂಬಿ ಒಬ್ಬರು ಹತ್ತಿ ಬೀಜ ಕೊಳ್ಳುತ್ತಾರೆ, ಇನ್ನೊಬ್ಬರು ಸಾಲ ಎತ್ತುತ್ತಾರೆ. ಗ್ರಾಫಿನಲ್ಲಿ ಚೆಂದ ಕಂಡಿತು ಅಂತ ಏನನ್ನೋ ಹೊರಗೆ ಬಿಟ್ಟರೆ ಪೆಟ್ಟು ಬೀಳುವುದು ಅವರಿಗೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಗ್ರಾಫ್ ತಂದಿದ್ದ. ಜಿಲ್ಲೆಯ ಹಳೆಯ ವಾರ್ಷಿಕ ಮಳೆಗೆ 5 ವರ್ಷದ ಚಲಿಸುವ ಸರಾಸರಿ ಹಾಕಿದ್ದ, ಅಂದರೆ ಪ್ರತಿ ವರ್ಷದ ಜಾಗದಲ್ಲಿ ಸತತ ಐದು ವರ್ಷಗಳ ಸರಾಸರಿ ಇಟ್ಟಿದ್ದ. ಗೆರೆ ನಯವಾಗಿ ಏರಿ ಇಳಿಯುತ್ತಿತ್ತು. ಒಂದು ಅಲೆಯಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಹತ್ತು ವರ್ಷ. ಸೂರ್ಯನ ಕಲೆಗಳ ಚಕ್ರ ಸುಮಾರು 11 ವರ್ಷದ್ದು. ಮಳೆಗೂ ಸೂರ್ಯನಿಗೂ ನಂಟಿದೆ ಅಂತ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದ. ಅವನ ಶ್ರಮ ಪ್ರಾಮಾಣಿಕವಾದದ್ದು, ಕುತೂಹಲವೂ ಒಳ್ಳೆಯದೇ. ಆದರೆ ಕಂಪ್ಯೂಟರಿನಿಂದ ಸುಮ್ನೆ ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆದು, ಅವಕ್ಕೂ ಅದೇ ಸರಾಸರಿ ಹಾಕಿ ನೋಡು ಅಂದೆ. ಹಾಕಿದ. ಅಲ್ಲೂ ಅಂಥದ್ದೇ ಅಲೆ ಬಂತು.

ಇದಕ್ಕೆ ಲೆಕ್ಕವಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಖ್ಯೆಗಳಿಗೆ 5 ವರ್ಷದ ಸರಾಸರಿ ಹಾಕಿದರೆ, ಈ ವರ್ಷದ ಸರಾಸರಿಗೂ ಮುಂದಿನ ವರ್ಷದ್ದಕ್ಕೂ ನಾಲ್ಕು ವರ್ಷಗಳು ಸಮಾನ. ಅಂದರೆ ಅಕ್ಕಪಕ್ಕದ ಸಂಖ್ಯೆಗಳ ನಡುವೆ 0.8ರಷ್ಟು ಸಹಸಂಬಂಧ ತಾನಾಗಿ ಹುಟ್ಟಿಕೊಳ್ಳುತ್ತದೆ (ಎರಡು ಸಂಖ್ಯೆಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ ಇದು; 0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು). ಅಂಥ ಗೆರೆ ಮಧ್ಯದ ಮಟ್ಟವನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ದಾಟಿ, ಮತ್ತೆ ಹಾಗೆಯೇ ದಾಟಲು ಸರಾಸರಿ 10 ವರ್ಷದ ಹತ್ತಿರ ಬೇಕು. ಹುಡುಗನಿಗೆ ಸಿಕ್ಕ ಹತ್ತು ವರ್ಷ ಹುಟ್ಟಿದ್ದು ಸರಾಸರಿ ಹಾಕಿದಾಗ. ಅದಕ್ಕೆ ಸೂರ್ಯ ಬೇಕಾಗಿಲ್ಲ, ಮಳೆಯೂ ಬೇಕಾಗಿಲ್ಲ. ರಷ್ಯಾದ ಯೆವ್ಗೆನಿ ಸ್ಲುಟ್ಸ್ಕಿ 1927ರಲ್ಲೇ ಇದನ್ನು ತೋರಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ಉಡ್ನಿ ಯೂಲ್, ಕಾಲದ ಜೊತೆ ನಿಧಾನವಾಗಿ ಬದಲಾಗುವ ಎರಡು ಸರಣಿಗಳು ಅರ್ಥವಿಲ್ಲದೆಯೂ ಹೇಗೆ ಹೊಂದಿಕೊಳ್ಳುತ್ತವೆ ಅಂತ ಬಿಡಿಸಿ ಹೇಳಿದ್ದರು. ನೂರು ವರ್ಷ ಹಳೆಯ ಮಾತು. ಆದರೂ ಇಂಥ ಗ್ರಾಫುಗಳು ಇವತ್ತಿಗೂ ಬರುತ್ತಲೇ ಇವೆ.

ಸಮುದ್ರದ ದಾಖಲೆಗೆ ಬಂದರೆ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಸರಾಸರಿ ಹಾಕುವ ಕೆಲಸವನ್ನು ಸಮುದ್ರವೇ ಮಾಡಿರುತ್ತದೆ. ನಮ್ಮ ಡ್ಯಾಮನ್ನೇ ನೋಡಿ. ಡ್ಯಾಮ್ ಇರುವ ಮುನಿರಾಬಾದಿಗೆ ಬರುವ ಒಳಹರಿವು ದಿನದಿಂದ ದಿನಕ್ಕೆ ಜಿಗಿಯುತ್ತದೆ, ನೀರಿನ ಮಟ್ಟ ಮಾತ್ರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಸಮುದ್ರವೂ ದಿನದಿನದ ಗಾಳಿ, ಬಿಸಿಲು, ಮೋಡದ ಗದ್ದಲವನ್ನೆಲ್ಲ ಒಳಗೆ ಕೂಡಿಟ್ಟುಕೊಂಡು ನಿಧಾನವಾಗಿ ತೂಗುತ್ತದೆ. ಹಾಗಾಗಿ ವರ್ಷಗಟ್ಟಲೆ ನಡೆಯುವ ಏರಿಳಿತಕ್ಕೆ ಪ್ರತಿ ಸಲವೂ ಬೇರೆ ಕಾರಣ ಇರಲೇಬೇಕು ಅಂತಿಲ್ಲ. ಜರ್ಮನಿಯ ಕ್ಲಾಸ್ ಹ್ಯಾಸೆಲ್‌ಮನ್ 1976ರಲ್ಲಿ ಈ ವಿಚಾರವನ್ನು ಗಣಿತದಲ್ಲಿ ಕಟ್ಟಿಕೊಟ್ಟರು. 2021ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ನಮ್ಮ ಕೆಲಸದಲ್ಲಿ ಇದರ ಪರಿಣಾಮ ನೇರ. ಹತ್ತು ವರ್ಷದ ದಾಖಲೆ ಅಂದರೆ 120 ತಿಂಗಳು, ದೊಡ್ಡ ಸಂಖ್ಯೆ ಅನ್ನಿಸುತ್ತದೆ ಅಲ್ವಾ? ಆದರೆ ಒಂದು ತಿಂಗಳ ಉಷ್ಣಾಂಶಕ್ಕೂ ಮುಂದಿನ ತಿಂಗಳದ್ದಕ್ಕೂ ಸಹಸಂಬಂಧ 0.8 ಇದ್ದರೆ, ಸರಾಸರಿಯ ಮಟ್ಟಿಗೆ ಆ 120ರಲ್ಲಿ ಇರುವುದು ಸುಮಾರು 13 ಸ್ವತಂತ್ರ ಅಳತೆಗಳಷ್ಟೇ ಮಾಹಿತಿ. ಒಂದರಿಂದ 0.8 ಕಳೆಯಿರಿ, ಒಂದಕ್ಕೆ 0.8 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 120ರಿಂದ ಗುಣಿಸಿ. ಅಷ್ಟೇ ಲೆಕ್ಕ. ಎರಡು ಸಮುದ್ರಗಳ ಉಷ್ಣಾಂಶವನ್ನು ಹೋಲಿಸುವಾಗ ಎರಡರ ನೆನಪೂ, ಅಂದರೆ ಹಿಂದಿನ ತಿಂಗಳ ಪ್ರಭಾವ ಮುಂದಿನ ತಿಂಗಳಲ್ಲೂ ಉಳಿಯುವ ಗುಣ, ಸೇರಿಕೊಳ್ಳುತ್ತದೆ, ಆಗ ಇಲ್ಲದ ನಂಟು ಗಟ್ಟಿಯಾಗಿ ಕಾಣುತ್ತದೆ. ರಾಯಚೂರಿನ ತಿಂಗಳ ಮಳೆಗೆ ಅಂಥ ನೆನಪು ಕಡಿಮೆ. ಸಮುದ್ರವನ್ನು ಮಳೆಯ ಜೊತೆ ಹೋಲಿಸುವಾಗ ಅಷ್ಟರಮಟ್ಟಿಗೆ ಅನುಕೂಲ.

ಅದಕ್ಕೂ ಮೊದಲು ಋತುವಿನ ಏರಿಳಿತ ತೆಗೆಯಬೇಕು. ಪ್ರತಿ ತಿಂಗಳಿಂದ ಆ ತಿಂಗಳ ವಾಡಿಕೆಯನ್ನು ಕಳೆದು, ಉಳಿದದ್ದನ್ನು ಮಾತ್ರ ಹೋಲಿಸಬೇಕು. ಇಲ್ಲದಿದ್ದರೆ ಮುಂಗಾರಿಗೂ ವರ್ಷದ ಲಯದಲ್ಲಿ ಏರಿಳಿಯುವ ಇನ್ಯಾವುದಕ್ಕೂ ನಂಟು ಕಂಡೇ ಕಾಣುತ್ತದೆ.

ನಾನು ಗಿಲ್ಬರ್ಟ್ ವಾಕರ್ ಅವರನ್ನು ತುಂಬಾ ಗೌರವಿಸುತ್ತೇನೆ. 1876-78ರ ಬರ, ಅಂದರೆ ಧಾತು, ಈಶ್ವರ ಸಂವತ್ಸರಗಳ ಬರ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತ್ತು. 1899ರಲ್ಲಿ ಮುಂಗಾರು ಮತ್ತೆ ಕೈಕೊಟ್ಟು ದೇಶದ ಹಲವು ಕಡೆ ಬರ ಬಿತ್ತು. ಇಂಥ ಬರವನ್ನು ಮೊದಲೇ ಹೇಳಲು ಸಾಧ್ಯವೇ ಅನ್ನುವ ಪ್ರಶ್ನೆ ಭಾರತದ ಹವಾಮಾನ ಇಲಾಖೆಯ ಮುಂದಿತ್ತು. ಕೇಂಬ್ರಿಜ್‌ನ ಗಣಿತಜ್ಞ ವಾಕರ್ 1904ರಿಂದ 1924ರವರೆಗೆ ಆ ಇಲಾಖೆಯ ಮುಖ್ಯಸ್ಥರಾಗಿದ್ದರು. ಜಗತ್ತಿನ ಬೇರೆ ಬೇರೆ ಕಡೆಯ ಗಾಳಿಯ ಒತ್ತಡ, ಉಷ್ಣಾಂಶ, ಮಳೆ ಎಲ್ಲವನ್ನೂ ಒಂದಕ್ಕೊಂದು ಹೋಲಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಗುಮಾಸ್ತರು ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಪೆಸಿಫಿಕ್ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ ಅನ್ನುವ ತೂಗಾಟ, ಅಂದರೆ 'ದಕ್ಷಿಣದ ಆಂದೋಲನ' (ಸದರ್ನ್ ಆಸಿಲೇಶನ್), ಅವರಿಗೆ ಸಿಕ್ಕಿದ್ದು ಈ ರಾಶಿಯಲ್ಲೇ. ಅದಕ್ಕೂ ಎಲ್ ನಿನೊಗೂ ಇರುವ ನಂಟನ್ನು 1969ರಲ್ಲಿ ಹವಾಮಾನ ವಿಜ್ಞಾನಿ ಜೇಕಬ್ ಬಿಯರ್ಕ್ನೆಸ್ ವಿವರಿಸಿದರು.

ಆದರೆ ನನಗೆ ವಾಕರ್ ದೊಡ್ಡವರಾಗಿ ಕಾಣುವುದು 1914ರ ಅವರ ಇನ್ನೊಂದು ಕೆಲಸದಲ್ಲಿ. ನೂರಾರು ಹೋಲಿಕೆ ಮಾಡಿದಾಗ ಅವುಗಳಲ್ಲಿ ಅತಿ ದೊಡ್ಡದು ಬರೀ ಆಕಸ್ಮಿಕವಾಗಿ ಎಷ್ಟು ದೊಡ್ಡದಿರಬಹುದು ಅಂತ ಅವರು ಲೆಕ್ಕ ಹಾಕಿದರು. ತಮ್ಮ ಶೋಧವನ್ನು ತಾವೇ ಜರಡಿ ಹಿಡಿಯುವ ಧೈರ್ಯ ಅದು. ಶೇ 5ರ ಗಡಿ ಇಟ್ಟುಕೊಂಡು, ಅಂದರೆ ನಂಟೇ ಇಲ್ಲದಾಗಲೂ ನೂರರಲ್ಲಿ ಐದು ಸಲ ಆಕಸ್ಮಿಕವಾಗಿ ದಾಟುವಂಥ ಗಡಿ ಇಟ್ಟುಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ 20 ಸೂಚಕಗಳನ್ನು ರಾಯಚೂರಿನ ಮಳೆಯ ಜೊತೆ ಹೋಲಿಸಿದರೆ, ಏನೂ ಇಲ್ಲದಿದ್ದರೂ ಒಂದಾದರೂ ಪಾಸಾಗುವ ಸಾಧ್ಯತೆ ಶೇ 64. ಈಗ ಒಂದು ಲ್ಯಾಪ್‌ಟಾಪ್ ಒಂದು ನಿಮಿಷದಲ್ಲಿ ಸಾವಿರಾರು ಹೋಲಿಕೆ ಮಾಡುತ್ತದೆ. ಹಾಗಾಗಿ ನಮ್ಮ ವರದಿಯಲ್ಲಿ ಗೆದ್ದ ಸೂಚಕದ ಜೊತೆಗೆ ಸೋತವು ಎಷ್ಟು ಅಂತ ಬರೆಯಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಸಾವಿರ ಹುಸಿ ಸರಣಿಗಳನ್ನು ತಯಾರಿಸಿ, ಅವಕ್ಕೂ ಅಸಲಿ ದಾಖಲೆಯಷ್ಟೇ ನೆನಪು ಕೊಟ್ಟು, ಅದೇ ಪರೀಕ್ಷೆಗೆ ಒಡ್ಡುತ್ತೇವೆ. ಅಸಲಿ ಫಲಿತಾಂಶ ಈ ಹುಸಿಗಳ ಗುಂಪಿನ ನಡುವೆಯೇ ಬಿದ್ದರೆ ಅದು ಸಂದೇಶವಾಗಿ ಹೊರಗೆ ಹೋಗುವುದಿಲ್ಲ.

ದಾಖಲೆಯ ಗುಣವೂ ನೋಡಬೇಕು. ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ನಿನ್ನೆ ಸಂಜೆ ಸುರಿದದ್ದು ಇವತ್ತಿನ ತಾರೀಖಿನಲ್ಲಿರುತ್ತದೆ. ರಿಜಿಸ್ಟರಿನಲ್ಲಿ ಖಾಲಿ ಬಿಟ್ಟ ದಿನ ಮಳೆ ಬರಲಿಲ್ಲವೋ, ಬರೆಯುವವರು ಬರಲಿಲ್ಲವೋ? ಆ ಖಾಲಿಯನ್ನು ಸೊನ್ನೆ ಅಂತ ತುಂಬಿದರೆ ಇಲ್ಲದ ಬರ ಹುಟ್ಟುತ್ತದೆ. ಸಮುದ್ರದಲ್ಲೂ ಹೀಗೇ. ಹಿಂದೆ ಹಡಗಿನಿಂದ ಬಕೆಟ್ ಇಳಿಸಿ ನೀರೆತ್ತಿ ಉಷ್ಣಾಂಶ ಅಳೆಯುತ್ತಿದ್ದರು, ಮೇಲೆತ್ತುವಷ್ಟರಲ್ಲಿ ನೀರು ಆರಿ ತುಸು ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್‌ಗೆ ಎಳೆದ ನೀರನ್ನು ಅಳೆಯುವುದು ಬಂತು, ಅದು ತುಸು ಬೆಚ್ಚಗೆ ತೋರಿಸುತ್ತಿತ್ತು. 1945ರ ಸುಮಾರಿಗೆ ಜಾಗತಿಕ ದಾಖಲೆಯಲ್ಲಿ ಕಾಣುವ ದಿಢೀರ್ ಇಳಿಕೆಗೆ ದೊಡ್ಡ ಕಾರಣ, ಯುದ್ಧ ಮುಗಿದ ಮೇಲೆ ಯಾವ ದೇಶದ ಹಡಗುಗಳು ಹೇಗೆ ಅಳೆದವು ಅನ್ನುವುದು ಬದಲಾದದ್ದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಎಲ್ ನಿನೊ ನಿಲ್ಲುತ್ತದೆ. ಅದರ ಪ್ರಭಾವ ನಿಜ. ಆದರೆ ಅದು ಗಡಿಯಾರದಂತೆ ಬರುವುದಿಲ್ಲ, 2ರಿಂದ 7 ವರ್ಷಕ್ಕೊಮ್ಮೆ, ಹೇಗೆಂದರೆ ಹಾಗೆ. ಬಂದಾಗಲೆಲ್ಲ ಬರವನ್ನೂ ತರುವುದಿಲ್ಲ. 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದಿತ್ತು, ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಸುಮಾತ್ರದ ಕಡೆ ತಣ್ಣಗಾಗಿತ್ತು. ಅದು ಮುಂಗಾರನ್ನು ಕಾಪಾಡಿತು ಅಂತ ಹಲವು ವಿಜ್ಞಾನಿಗಳು ಹೇಳುತ್ತಾರೆ. 2002ರ ಎಲ್ ನಿನೊ ಅಷ್ಟು ಬಲವಾದದ್ದಲ್ಲ, ಆದರೂ ಜುಲೈ ಮಳೆ ದೇಶದಲ್ಲಿ ಅರ್ಧಕ್ಕಿಳಿಯಿತು.

ನಮ್ಮ ಭಾಗಕ್ಕೆ 2009ರಷ್ಟು ಕಲಿಸಿದ ವರ್ಷ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅದೂ ಎಲ್ ನಿನೊ ವರ್ಷ. ದೇಶದ ಮುಂಗಾರು ಶೇ 22ರಷ್ಟು ಕಡಿಮೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮಳೆ ಒಡೆದು ಬಿತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಊರುಗಳು ನೀರಿನಲ್ಲಿ ನಿಂತವು, ತುಂಗಭದ್ರಾ ಮಂತ್ರಾಲಯದೊಳಗೆ ನುಗ್ಗಿತು. ವರ್ಷದ ಒಂದು ಸರಾಸರಿ ಸಂಖ್ಯೆಯಲ್ಲಿ ಆ ಬರವೂ ಕಾಣುವುದಿಲ್ಲ, ಆ ನೆರೆಯೂ ಕಾಣುವುದಿಲ್ಲ.

ಇನ್ನೊಂದು ಸಂಗತಿ ಇದೆ. ರಾಯಚೂರಿನ ರೈತರು ಎರಡು ಮಳೆಗಳನ್ನು ನಂಬಿ ಬದುಕುತ್ತಾರೆ. ಎಡದಂಡೆ ಕಾಲುವೆಯಲ್ಲಿ ಸಿಂಧನೂರಿಗೆ ಬರುವ ನೀರು ಬಹುಪಾಲು ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿದ್ದದ್ದು. ಲಿಂಗಸುಗೂರಿನ ತೊಗರಿಗೆ, ದೇವದುರ್ಗದ ಹತ್ತಿಗೆ ಬೇಕಾದದ್ದು ಅಲ್ಲೇ ಬೀಳುವ ಮಳೆ, ಅದರಲ್ಲೂ ಸೆಪ್ಟೆಂಬರ್‌ನದ್ದು. ಈ ಎರಡಕ್ಕೂ ಸಮುದ್ರದ ಜೊತೆ ಒಂದೇ ರೀತಿಯ ನಂಟಿಲ್ಲ. ಎರಡನ್ನೂ ಸೇರಿಸಿ 'ನಮ್ಮ ಭಾಗದ ಮಳೆ' ಅಂತ ಒಂದೇ ಸರಣಿ ಮಾಡಿದರೆ ಎರಡರ ಸುದ್ದಿಯೂ ಕೆಡುತ್ತದೆ.

ಅದಕ್ಕೇ ಈಗ ನಮ್ಮಿಂದ ಎರಡು ಸಂದೇಶ ಹೋಗುತ್ತವೆ. ಕಾಲುವೆ ರೈತರಿಗೆ ಹೋಗುವುದರಲ್ಲಿ ಮಲೆನಾಡಿನ ಮಳೆ ಮತ್ತು ಡ್ಯಾಮಿನ ಒಳಹರಿವಿನ ಅಂದಾಜು, ಕೊನೆ ಭಾಗದವರಿಗೆ ಬೇರೆ ಸಾಲು. ಮಳೆ ನಂಬಿದವರಿಗೆ ಮುಂಗಾರಿನ ಮೊದಲರ್ಧ ಬೇರೆ, ಸೆಪ್ಟೆಂಬರ್ ನಂತರದ್ದು ಬೇರೆ. ಎರಡರಲ್ಲೂ 'ಬರುತ್ತದೆ', 'ಬರುವುದಿಲ್ಲ' ಅನ್ನುವ ಬದಲು, ಹತ್ತರಲ್ಲಿ ಎಷ್ಟು ವರ್ಷ ಹೀಗಾಗಬಹುದು ಅಂತ ಬರೆಯುತ್ತೇವೆ. ಮೊದಮೊದಲು ಫೋನ್ ಮಾಡಿ "ಖರೆ ಹೇಳ್ರಿ, ಹೌದೋ ಅಲ್ಲೋ" ಅನ್ನುತ್ತಿದ್ದವರು ಈಗ "ಹತ್ತರಾಗ ನಾಕು ಅಂದ್ರ ಅರ್ಧ ಹೊಲಕ್ಕ ತೊಗರಿ ಹಾಕ್ತೀನಿ" ಅನ್ನುತ್ತಾರೆ.