ಸಭಾಕೊಠಡಿಗೂ ಒಂದು ಮೇಲ್‌ಬಾಕ್ಸ್

ಎಲ್ಲರೂ ಬರೆಯಬಹುದಾದ ಒಂದು ಕ್ಯಾಲೆಂಡರ್ ತೆರೆದುಕೊಟ್ಟರೆ ಮೀಟಿಂಗ್ ರೂಮ್‌ಗಳ ಜಗಳ ತೀರುವುದಿಲ್ಲವೇ ಎಂದು ನಮ್ಮ ಆಡಳಿತ ವಿಭಾಗದವರು ಕೇಳಿದಾಗ ನಾನು ಬೇಡವೆಂದೆ. ಅಂಥ ಕ್ಯಾಲೆಂಡರ್ ರಿಸೆಪ್ಷನ್ ಮೇಜಿನ ಮೇಲಿನ ರಿಜಿಸ್ಟರಿನ ಹಾಗೆ: ಯಾರು ಏನು ಬರೆದರೂ ಬರೆಸಿಕೊಳ್ಳುತ್ತದೆ, ಒಂದೇ ಹೊತ್ತಿಗೆ ಇಬ್ಬರು ಹೆಸರು ಬರೆದರೂ ತಕರಾರು ಮಾಡುವುದಿಲ್ಲ. ಕೊಠಡಿ ಕಾಯ್ದಿರಿಸುವ ವ್ಯವಸ್ಥೆಗೆ ಮೊದಲು ಇರಬೇಕಾದದ್ದು ಆಗದೆಂದು ಹೇಳುವ ಅಧಿಕಾರ.

ಮೈಕ್ರೋಸಾಫ್ಟ್ 365ರಲ್ಲಿ ಇದಕ್ಕೆಂದೇ ರೂಮ್ ಮೇಲ್‌ಬಾಕ್ಸ್ ಎಂಬುದಿದೆ. ಪ್ರತಿ ಕೊಠಡಿಗೂ ಅದರದೇ ಇಮೇಲ್ ವಿಳಾಸ ಸಿಗುತ್ತದೆ. ಬುಕ್ಕಿಂಗ್‌ಗಷ್ಟೇ ಬಳಸುವುದಾದರೆ ಬೇರೆ ಲೈಸೆನ್ಸ್ ಕೊಳ್ಳಬೇಕಿಲ್ಲ. ಸಭೆ ಕರೆಯುವವರು ಸಹೋದ್ಯೋಗಿಗಳ ಜೊತೆಗೆ ಕೊಠಡಿಯನ್ನೂ ಆಹ್ವಾನಿಸುತ್ತಾರೆ. ಆ ಹೊತ್ತು ಖಾಲಿಯಿದ್ದರೆ ಒಪ್ಪಿಗೆಯೂ ಇಲ್ಲವಾದರೆ ನಿರಾಕರಣೆಯೂ ತಾನಾಗಿ ಬರುತ್ತದೆ. ಆದರೆ ಕೊಠಡಿಯ ಕ್ಯಾಲೆಂಡರನ್ನೇ ತೆರೆದು ನೇರವಾಗಿ ನಮೂದು ಮಾಡುವ ಅನುಮತಿಯನ್ನು ಯಾರಿಗೂ, ಮೇಲಧಿಕಾರಿಗಳ ಆಪ್ತ ಸಹಾಯಕರಿಗೂ, ಕೊಡಬಾರದು. ಹಾಗೆ ಬರೆದದ್ದು ಈ ತಪಾಸಣೆಗೆ ಒಳಪಡುವುದೇ ಇಲ್ಲ.

ನಿಜವಾದ ತಲೆನೋವು ವಾರವಾರವೂ ಮರುಕಳಿಸುವ ಸಭೆಗಳದು. ಮೂಲ ಹೊಂದಿಕೆಯಲ್ಲಿ 180 ದಿನಗಳ ಮುಂದಕ್ಕೆ ಮಾತ್ರ ಕಾಯ್ದಿರಿಸಲು ಸಾಧ್ಯವಿರುವುದರಿಂದ, ಕೊನೆಯ ದಿನಾಂಕ ನಮೂದಿಸದೆ ಕಳುಹಿಸಿದ ಸಭಾಸರಣಿ ಇಡಿಯಾಗಿ ತಿರಸ್ಕೃತವಾಗುತ್ತದೆ. ಸರಣಿಯ ಒಂದೇ ಒಂದು ದಿನ ಬೇರೊಬ್ಬರ ಸಭೆಗೆ ಅಡ್ಡ ಬಂದರೂ ಅದೇ ಗತಿ. ಎರಡನೆಯದು ಅತಿಯಾಯಿತೆನಿಸಿ, ಕೆಲವು ಡಿಕ್ಕಿಗಳನ್ನು ಸಹಿಸಿಕೊಂಡು ಉಳಿದ ದಿನಗಳನ್ನು ಒಪ್ಪಿಕೊಳ್ಳುವಂತೆ ನಾನು ಡಿಕ್ಕಿಗಳ ಸಂಖ್ಯೆಯ ಮಿತಿಯನ್ನೂ ಶೇಕಡಾವಾರು ಮಿತಿಯನ್ನೂ ಸಡಿಲಿಸಿದೆ. 180 ದಿನಗಳ ಮಿತಿಯನ್ನು ಮಾತ್ರ, ಒತ್ತಾಯವಿದ್ದರೂ, ಹಿಗ್ಗಿಸಲಿಲ್ಲ. ಆರು ತಿಂಗಳಿಗೊಮ್ಮೆಯಾದರೂ ತಮ್ಮ ಸೋಮವಾರದ ಸಭೆ ಇನ್ನೂ ಬೇಕೇ ಎಂದು ಜನ ಯೋಚಿಸಲಿ ಎಂಬುದು ನನ್ನ ನಿಲುವು.

ಇನ್ನು ಯಾರಿಗೆ ಏನು ಕಾಣಬೇಕೆಂಬ ಪ್ರಶ್ನೆ. ಕೊಠಡಿಯ ಕ್ಯಾಲೆಂಡರಿನಲ್ಲಿ ಸಭೆಯ ವಿಷಯ ಅಳಿಸಿಹೋಗಿ ಅಲ್ಲಿ ಆಯೋಜಕರ ಹೆಸರು ಕೂರುತ್ತದೆ. ಸಂಬಳ ಪರಿಷ್ಕರಣೆಯಂಥ ಶೀರ್ಷಿಕೆಗಳು ಇಡೀ ಮಹಡಿಗೆ ತಿಳಿಯದಿರುವುದು ಒಳ್ಳೆಯದೇ. ಆದರೆ ಉಳಿದವರಿಗೆ ಸಮಯ ಭರ್ತಿಯಾಗಿದೆ ಎಂಬುದರ ಹೊರತು ಆ ಹೆಸರೂ ಕಾಣುವುದಿಲ್ಲ. ಕ್ಯಾಲೆಂಡರಿನ ಸಾರ್ವತ್ರಿಕ ಅನುಮತಿಯನ್ನು ಒಂದು ಹಂತ ಏರಿಸಿ ಹೆಸರು ಕಾಣುವಂತೆ ಮಾಡಿದ ಮೇಲೆ, ಅರ್ಧ ಗಂಟೆ ಬಿಟ್ಟುಕೊಡುವಿರಾ ಎಂದು ಜನ ಪರಸ್ಪರ ಕೇಳಿಕೊಳ್ಳತೊಡಗಿದರು. ನನಗೆ ಬರುವ ದೂರುಗಳು ಕಡಿಮೆಯಾದವು.

ಹೆಸರಿಡುವಾಗ ಮಹಡಿಯನ್ನೂ ಆಸನಗಳ ಸಂಖ್ಯೆಯನ್ನೂ ಸೇರಿಸಿ, ‘3ನೇ ಮಹಡಿ ಕಾವೇರಿ 8’ ಎಂಬಂತೆ. ಬರೀ ನದಿಗಳ ಹೆಸರಿದ್ದರೆ ಹೊಸಬರಿಗೆ ಏನೂ ತಿಳಿಯದು. ಎಲ್ಲ ಕೊಠಡಿಗಳನ್ನೂ ಒಂದು ರೂಮ್ ಲಿಸ್ಟ್‌ಗೆ ಸೇರಿಸಿದರೆ ಔಟ್‌ಲುಕ್‌ನಲ್ಲಿ ಕೊಠಡಿ ಹುಡುಕುವ ರೂಮ್ ಫೈಂಡರ್‌ನಲ್ಲಿ ಅವು ಒಟ್ಟಾಗಿ ಸಿಗುತ್ತವೆ.

ಬಹಳಷ್ಟು ಕಡೆ ಮರೆತುಹೋಗುವ ಸಂಗತಿ ಇನ್ನೊಂದಿದೆ. ಕೆಲಸ ಬಿಟ್ಟುಹೋದವರು ಕರೆದಿದ್ದ ಸಭೆಗಳು ಅವರೊಂದಿಗೆ ಹೋಗುವುದಿಲ್ಲ; ಯಾರೂ ಬಾರದ ಕೊಠಡಿ ವಾರವಾರವೂ ಭರ್ತಿಯೆಂದೇ ತೋರುತ್ತಿರುತ್ತದೆ. ಅವರ ಮೇಲ್‌ಬಾಕ್ಸ್ ಅಳಿಸುವ ಮುನ್ನ ನಿರ್ವಾಹಕರು ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ‘ರಿಮೂವ್-ಕ್ಯಾಲೆಂಡರ್‌ಇವೆಂಟ್ಸ್’ ಆಜ್ಞೆ ಕೊಟ್ಟರೆ ಮುಂದಿನ ಸಭೆಗಳೆಲ್ಲ ರದ್ದಾಗಿ ಕೊಠಡಿಗಳು ಬಿಡುಗಡೆಯಾಗುತ್ತವೆ. ಅಳಿಸಿದ ಮೇಲೆ ನೆನಪಾದರೆ ಒಂದೊಂದು ಕೊಠಡಿಯ ಕ್ಯಾಲೆಂಡರನ್ನೂ ತೆರೆದು ಕೈಯಾರೆ ತೆಗೆಯಬೇಕಾಗುತ್ತದೆ. ಆದ್ದರಿಂದ ಈ ಆಜ್ಞೆಯನ್ನು ಮಾನವ ಸಂಪನ್ಮೂಲ ವಿಭಾಗದ ನಿರ್ಗಮನ ಪಟ್ಟಿಯಲ್ಲಿ, ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಹಿಂಪಡೆಯುವ ಸಾಲಿನ ಕೆಳಗೇ, ಬರೆಸಿಟ್ಟಿದ್ದೇನೆ.